ಹಿಮ್ಮಡಿ ಇಳಿಸುವ ಲೆಕ್ಕ

ನಮ್ಮ ಮನೆಯಲ್ಲಿ ಹಾಸಿಗೆಯಿಂದ ಬಚ್ಚಲಿಗೆ ಹನ್ನೊಂದು ಹೆಜ್ಜೆ. ಆರು ವರ್ಷ ಅದೇ ಫ್ಲಾಟಿನಲ್ಲಿದ್ದರೂ ಈ ಲೆಕ್ಕ ನನಗೆ ಗೊತ್ತಿರಲಿಲ್ಲ. ಗೊತ್ತಾದದ್ದು 2024ರ ನವೆಂಬರಿನಲ್ಲಿ, ಮೊದಲ ನಾಲ್ಕು ಹೆಜ್ಜೆಗಳನ್ನು ಗೋಡೆ ಹಿಡಿದುಕೊಂಡು ಇಡಬೇಕಾಗಿ ಬಂದಾಗ. ಬಲಗಾಲಿನ ಹಿಮ್ಮಡಿಯ ಮೇಲೆ, ಬೂಟಿನ ಹಿಂದಿನ ಅಂಚು ತಾಗುವ ಜಾಗಕ್ಕಿಂತ ಎರಡು ಬೆರಳು ಮೇಲೆ, ಯಾರೋ ರಾತ್ರಿಯೆಲ್ಲ ತಂತಿ ಬಿಗಿದು ಹೋದ ಹಾಗೆ. ಐದನೇ ಹೆಜ್ಜೆಗೆ ತುಸು ಸಡಿಲ. ಹಲ್ಲುಜ್ಜಿ ಹೊರಬರುವಷ್ಟರಲ್ಲಿ ಏನೂ ಆಗಿಲ್ಲವೇನೋ ಎನ್ನುವ ಹಾಗೆ. ಆ 'ಏನೂ ಆಗಿಲ್ಲ' ಎನ್ನುವುದೇ ನನ್ನನ್ನು ಎರಡು ತಿಂಗಳು ಮೋಸ ಮಾಡಿತು.

ಅವ್ವ ಮಾತ್ರ ಮೊದಲ ವಾರದಲ್ಲೇ ಹಿಡಿದಳು. 'ಯಾಕೋ, ಹಿಂಬಡ ನೆಲಕ್ಕ ಹಚ್ಚವಲ್ಲಿ?' ಎಂದಳು. ನಾನು ಏನೋ ಒಂದು ಹೇಳಿದೆ. 'ನಿಮ್ಮಪ್ಪಂದೂ ಹಿಂಗೇ ಇತ್ತು' ಎಂದು ಸುಮ್ಮನಾದಳು.

ನಾವು ಚಡಚಣದ ಕಡೆಯವರು. ಭೋಸರಿಗೆ ಬಂದವನು ಅಪ್ಪ. ಇಲ್ಲಿಯ ಎಂಐಡಿಸಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಟರ್ನರ್ ಆಗಿ ಲೇತಿನ ಮುಂದೆ ಇಪ್ಪತ್ತೊಂಬತ್ತು ವರ್ಷ ನಿಂತ. ನಿಂತ ಎನ್ನುವುದನ್ನು ಅಕ್ಷರಶಃ ತೆಗೆದುಕೊಳ್ಳಿ. ಗುರುವಾರ ಒಂದೇ ರಜೆ. ಆ ದಿನ ಬುಟ್ಟಿಯಲ್ಲಿ ಬಿಸಿನೀರು, ಉಪ್ಪು, ಅದರಲ್ಲಿ ಎರಡೂ ಕಾಲು. ನಾನು ಎಂಸಿಎ ಮುಗಿಸಿ ತಳವಡೆಯ ಐಟಿ ಪಾರ್ಕಿನಲ್ಲಿ ಕೆಲಸಕ್ಕೆ ಸೇರಿದಾಗ ಅಪ್ಪ ಕೇಳಿದ ಮೊದಲ ಪ್ರಶ್ನೆ ಸಂಬಳದ್ದಲ್ಲ: 'ಕುಂತು ಮಾಡೂದೋ, ನಿಂತು ಮಾಡೂದೋ?' ಕುಳಿತು ಮಾಡುವುದು ಎಂದಾಗ ಅವನ ಮುಖ ನೋಡಬೇಕಿತ್ತು.

ಕುಳಿತು ಮಾಡಿದ್ದರ ಫಲವಾಗಿ ಮೂವತ್ತೇಳಕ್ಕೆ ತೂಕ 86 ಕಿಲೊ ಆಯಿತು, ಸಕ್ಕರೆ ಅಂಚಿಗೆ ಬಂತು. ಡಾಕ್ಟರು ನಡೆಯಿರಿ ಎಂದರು, ನಾನು ಓಡಿದೆ. ನಮ್ಮ ಪೈಕಿಯವರ ದೊಡ್ಡ ದೋಷ ಇದು. ಆ್ಯಪು ಇಳಿಸಿಕೊಂಡು, ಬೂಟಿಗೆ ಏಳು ಸಾವಿರ ಕೊಟ್ಟು, ಮೂರನೇ ವಾರಕ್ಕೆ ಸ್ಪೈನ್ ರೋಡಿನಲ್ಲಿ ಎಂಟು ಕಿಲೊಮೀಟರ್ ಓಡುತ್ತಿದ್ದೆ. ಹದಿನೈದು ವರ್ಷ ಕುರ್ಚಿಯಲ್ಲಿದ್ದ ಕಾಲಿಗೆ ಮೂರು ವಾರದಲ್ಲಿ ಎಂಟು ಕಿಲೊಮೀಟರ್.

ಆದರೆ ಓಡುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಅಪ್ಪ ಅವ್ವನಿಗೆ ಮಾತು ಕೊಟ್ಟಿದ್ದ: ಒಮ್ಮೆಯಾದರೂ ಆಳಂದಿಯ ಪಾಲಖಿಯ ಜೊತೆ ನಡೆದು ಬರೋಣ ಎಂದು. ಪಂಢರಪುರದವರೆಗೆ ಅಲ್ಲ, ಪುಣೆಯವರೆಗಾದರೂ. ಚಡಚಣದವರಿಗೆ ಪಂಢರಪುರ ದೂರದ ಊರೇನಲ್ಲ, ವಿಠ್ಠಲ ಪರಭಾಷೆಯ ದೇವರೂ ಅಲ್ಲ. ಮರಾಠಿ ಸಂತರೇ ಅವನನ್ನು ಕಾನಡಾ ಎಂದು ಕರೆದಿದ್ದಾರೆ. ಆಳಂದಿ ನಮಗೆ ಕೂಗಳತೆಯಲ್ಲಿದೆ. ಆದರೂ ಪ್ರತಿ ಜೂನ್ ತಿಂಗಳಲ್ಲಿ ಕಾರ್ಖಾನೆಯಲ್ಲಿ ಏನಾದರೊಂದು ಅರ್ಜೆಂಟ್ ಆರ್ಡರು ಇರುತ್ತಿತ್ತು. 2019ರಲ್ಲಿ ಅಪ್ಪ ಹೋದ. ಮಾತು ನನಗೆ ಬಂತು. ಕೊರೋನಾ ಎಂದು ಎರಡು ವರ್ಷ ಕಳೆಯಿತು, ರಿಲೀಸು ಎಂದು ಎರಡು ವರ್ಷ ಕಳೆದೆ. ಅವ್ವನಿಗೆ ಅರವತ್ತಾರು, ಮೊಣಕಾಲು ಸವೆದಿವೆ. ಮುಂದಿನ ವರ್ಷ ಎನ್ನುವ ಮಾತು ಎಷ್ಟು ಸಲ ಹೇಳಬಹುದು ಎನ್ನುವುದಕ್ಕೆ ಒಂದು ಮಿತಿ ಇತ್ತು.

ಜನವರಿಯಲ್ಲಿ ಮೂಳೆ ಡಾಕ್ಟರ ಬಳಿ ಹೋದೆ. ನೋವಿನ ಮಾತ್ರೆ, ಹಿಮ್ಮಡಿಯ ಕೆಳಗೆ ಸಿಲಿಕಾನ್ ದಿಂಬು, ಆರು ವಾರ ಪೂರ್ತಿ ವಿಶ್ರಾಂತಿ. ಕಡಿಮೆಯಾಗದಿದ್ದರೆ ಒಂದು ಸ್ಟೆರಾಯ್ಡ್ ಇಂಜೆಕ್ಷನ್ ಹಾಕೋಣ ಎಂದರು. ನಾನು ಶಿಸ್ತಿನ ಮನುಷ್ಯ, ಆರು ವಾರ ಲಿಫ್ಟ್ ಬಿಟ್ಟು ಇಳಿಯಲಿಲ್ಲ. ಆರು ವಾರ ಕಳೆದು ಮೊದಲ ದಿನ ಕಟ್ಟಡದ ಸುತ್ತ ಎರಡು ಸುತ್ತು ನಡೆದೆ. ಮರುದಿನ ಬೆಳಿಗ್ಗೆ ಹನ್ನೊಂದರಲ್ಲಿ ಎಂಟು ಹೆಜ್ಜೆ ಗೋಡೆ ಹಿಡಿದೆ. ವಿಶ್ರಾಂತಿಯಿಂದ ನೋವು ಹೆಚ್ಚಾಗಿತ್ತು!

ಇಂದ್ರಾಯಣಿನಗರದಲ್ಲಿ ಒಂದು ಔಷಧ ಅಂಗಡಿಯ ಮೇಲಿನ ಮಹಡಿಯಲ್ಲಿ ಕುಳಿತುಕೊಳ್ಳುವ ಫಿಸಿಯೋಥೆರಪಿಸ್ಟ್ ಹೆಣ್ಣುಮಗಳು ಇದಕ್ಕೆ ಆಶ್ಚರ್ಯವನ್ನೇ ಪಡಲಿಲ್ಲ. ಹಿಮ್ಮಡಿಯ ಆ ಹುರಿಯನ್ನು ಎರಡು ಬೆರಳಲ್ಲಿ ಹಿಡಿದು ಮೇಲಿನಿಂದ ಕೆಳಕ್ಕೆ ಹಿಸುಕುತ್ತ ಬಂದರು. ಎಡಗಾಲಿನದು ಪೆನ್ನಿನ ಹಾಗೆ ನುಣುಪು. ಬಲಗಾಲಿನದರಲ್ಲಿ ನಡುವೆ ಕಡಲೆಕಾಯಿಯಷ್ಟು ಗಂಟು. ನಾನು 'ಆಯ್' ಎಂದ ಜಾಗಕ್ಕೆ ಪೆನ್ನಿನಲ್ಲಿ ಗುರುತು ಹಾಕಿ ಅಳೆದರು. ಮೂಳೆಯಿಂದ ನಾಲ್ಕು ಸೆಂಟಿಮೀಟರ್ ಮೇಲೆ. 'ಹೆಚ್ಚಿನವರಿಗೆ ಎರಡರಿಂದ ಆರರೊಳಗೆ ಬರುತ್ತದೆ, ಅಲ್ಲಿ ರಕ್ತ ಸಂಚಾರ ಕಡಿಮೆ' ಎಂದರು. ಆಮೇಲೆ ಕೇಳಿದ ಪ್ರಶ್ನೆ ನಾನು ನಿರೀಕ್ಷಿಸಿರಲಿಲ್ಲ. ಕಳೆದ ಆರು ತಿಂಗಳಲ್ಲಿ ಯಾವುದಾದರೂ ಆಂಟಿಬಯೋಟಿಕ್ ತೆಗೆದುಕೊಂಡಿರಾ?

ತೆಗೆದುಕೊಂಡಿದ್ದೆ. ಅಕ್ಟೋಬರಿನ ಕೆಮ್ಮಿಗೆ ಅಂಗಡಿಯವನೇ ಕೊಟ್ಟ ಲೆವೊಫ್ಲಾಕ್ಸಾಸಿನ್, ಐದು ದಿನ. ಈ ಗುಂಪಿನ ಔಷಧಗಳು, ನಮ್ಮಲ್ಲಿ ಹೊಟ್ಟೆ ಕೆಟ್ಟರೆ ನುಂಗುವ ಸಿಪ್ರೊಫ್ಲಾಕ್ಸಾಸಿನ್ ಕೂಡ, ಟೆಂಡನ್‌ಗಳಿಗೆ ಪೆಟ್ಟು ಕೊಡಬಲ್ಲವು, ವಿರಳವಾಗಿ ಹರಿಯಲೂಬಹುದು. ಅಮೆರಿಕದ ಎಫ್‌ಡಿಎ 2008ರಲ್ಲೇ ಇವುಗಳ ಮಾಹಿತಿಪತ್ರದಲ್ಲಿ ಕಪ್ಪು ಚೌಕದೊಳಗಿನ ಎಚ್ಚರಿಕೆ ಕಡ್ಡಾಯ ಮಾಡಿತು. ನನ್ನ ಕಾಲು ಕೆಟ್ಟದ್ದು ಮಾತ್ರೆಯಿಂದಲೋ ಎಂಟು ಕಿಲೊಮೀಟರಿನಿಂದಲೋ ಹೇಳಲಾಗದು, ನನ್ನ ಅನುಮಾನ ಎರಡನೆಯದರ ಮೇಲೇ ಹೆಚ್ಚು. ಆದರೆ ಅಂಗಡಿಯವನನ್ನು ಕೇಳಿ ಮಾತ್ರೆ ನುಂಗುವುದನ್ನು ಅಂದೇ ಬಿಟ್ಟೆ.

ಅವರು ವಿವರಿಸಿದ್ದು ಹೀಗೆ. ಪೋಟರಿ ಎಂದು ಅವರು ಮರಾಠಿಯಲ್ಲಿ, ಮೀನಖಂಡ ಎಂದು ನಾವು ಕರೆಯುವಲ್ಲಿ ಎರಡು ಸ್ನಾಯುಗಳಿವೆ, ಹೊರಗೊಂದು ಒಳಗೊಂದು. ಎರಡೂ ಕೆಳಗೆ ಬಂದು ಒಂದೇ ಹುರಿಯಾಗಿ ಹಿಮ್ಮಡಿಯ ಮೂಳೆಗೆ ಅಂಟುತ್ತವೆ. ದೇಹದಲ್ಲೇ ಅತಿ ದಪ್ಪದ, ಅತಿ ಗಟ್ಟಿಯಾದ ಟೆಂಡನ್ ಇದು. ಓಡುವಾಗ ಪ್ರತಿ ಹೆಜ್ಜೆಗೂ ಮೈತೂಕದ ಹಲವು ಪಟ್ಟು ಭಾರ ಇದರ ಮೇಲೆ ಬೀಳುತ್ತದೆ. ಗ್ರೀಕರ ಅಕಿಲಿಸನನ್ನು ತಾಯಿ ಹಿಮ್ಮಡಿ ಹಿಡಿದು ನದಿಯಲ್ಲಿ ಅದ್ದಿದಳು, ಹಿಡಿದಷ್ಟು ಜಾಗ ಒಣಗಿಯೇ ಉಳಿಯಿತು ಎನ್ನುವ ಕಥೆಯಿಂದ ಹೆಸರು. (ನಮ್ಮ ಕೃಷ್ಣನೂ ಕಾಲಿಗೆ ಬಾಣ ತಾಗಿಯೇ ಹೋದವನು. ಪಾದದ ಬಗ್ಗೆ ಹಳಬರಿಗೆ ಎಲ್ಲೆಡೆ ಒಂದೇ ಭಯ ಇದ್ದಂತಿದೆ.)

ಇದನ್ನು ಹಿಂದೆ ಉರಿಯೂತ ಎಂದು ತಿಳಿದಿದ್ದರು. ಆದರೆ ಬಹುಕಾಲದ ನೋವಿನ ಟೆಂಡನ್ನನ್ನು ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ ಉರಿಯೂತದ ಕಣಗಳು ಅಷ್ಟಾಗಿ ಕಾಣಲಿಲ್ಲ. ಕಂಡದ್ದು ಎಳೆಗಳ ಗೊಂದಲ. ಒತ್ತಾಗಿ, ಒಂದೇ ದಿಕ್ಕಿಗೆ ಇರಬೇಕಾದ ಕೊಲಾಜೆನ್ ಎಳೆಗಳು ಬಿಚ್ಚಿದ ಕಣ್ಣಿಯ ಹಾಗೆ ಕೆದರಿಕೊಂಡಿದ್ದವು. ಮಾತ್ರೆ ಆ ಎಳೆಗಳನ್ನು ನೇರ ಮಾಡುವುದಿಲ್ಲ. ಸ್ಟೆರಾಯ್ಡ್ ಕೆಲವು ವಾರ ನೋವು ಮರೆಸಿ ಹುರಿಯನ್ನೇ ದುರ್ಬಲ ಮಾಡೀತು. ವಿಶ್ರಾಂತಿ ಕೊಟ್ಟರೆ ಭಾರ ಹೊರುವ ಅಭ್ಯಾಸವೂ ತಪ್ಪಿ ಮುಂದಿನ ಸಲ ಇನ್ನೂ ಸಣ್ಣ ಭಾರಕ್ಕೇ ಮುನಿಯುತ್ತದೆ. 'ನಿಮ್ಮ ಹುರಿಗೆ ಕೆಲಸ ಕೊಡಬೇಕು. ನಿಧಾನವಾಗಿ, ದಿನವೂ, ಹೆಚ್ಚಿಸುತ್ತ.'

ನೋಯುವ ಕಾಲಿಗೆ ಭಾರ ಹಾಕು ಎನ್ನುವ ಈ ವಿಚಿತ್ರ ಮಾತಿನ ಹಿಂದೆ ಇನ್ನೂ ವಿಚಿತ್ರವಾದ ಒಂದು ಕಥೆ ಇದೆ. ಸ್ವೀಡನ್ನಿನ ಉಮೆಯೋ ಎಂಬ ಊರಿನಲ್ಲಿ ಹೋಕನ್ ಆಲ್ಫ್ರೆಡ್‌ಸನ್ ಎಂಬ ಮೂಳೆ ಸರ್ಜನ್. ಅವರಿಗೇ ಅಕಿಲಿಸ್ ನೋವು. ಆಪರೇಶನ್ ಮಾಡಿ ಎಂದು ತಮ್ಮ ಮೇಲಧಿಕಾರಿಯನ್ನು ಕೇಳಿದರೆ, ನೀನು ರಜೆ ಹಾಕಿದರೆ ಕೆಲಸ ಯಾರು ಮಾಡುತ್ತಾರೆ ಎಂಬ ಉತ್ತರ ಬಂತು. ಮೇಲಧಿಕಾರಿಗಳು ಎಲ್ಲ ದೇಶದಲ್ಲೂ ಒಂದೇ. ಹಾಗಾದರೆ ಹುರಿಯನ್ನು ಹರಿದೇ ಬಿಡುತ್ತೇನೆ, ಆಗ ಆಪರೇಶನ್ ಮಾಡಲೇಬೇಕಲ್ಲ ಎಂದು ಆಲ್ಫ್ರೆಡ್‌ಸನ್ ನೋಯುವ ಕಾಲಿಗೆ ಬೇಕೆಂದೇ ಭಾರ ಹಾಕತೊಡಗಿದರು. ಹರಿಯಲಿಲ್ಲ. ನೋವು ಹೋಯಿತು. 1998ರಲ್ಲಿ ಅವರ ತಂಡ ಹದಿನೈದು ಹವ್ಯಾಸಿ ಓಟಗಾರರ ಮೇಲೆ ಇದೇ ಕ್ರಮವನ್ನು ಹನ್ನೆರಡು ವಾರ ಮಾಡಿಸಿ ಫಲಿತಾಂಶ ಪ್ರಕಟಿಸಿತು. ಆಪರೇಶನ್ನಿಗೆ ಕಾಯುತ್ತಿದ್ದ ಆ ಹದಿನೈದು ಮಂದಿಯೂ ಮತ್ತೆ ಮೊದಲಿನಂತೆ ಓಡಿದರು.

ಕ್ರಮ ಬಹಳ ಸರಳ. ಮೆಟ್ಟಿಲಿನ ಅಂಚಿನಲ್ಲಿ ಪಾದದ ಮುಂಭಾಗ ಮಾತ್ರ ಊರಿ ನಿಲ್ಲುವುದು. ಒಳ್ಳೆಯ ಕಾಲಿನ ಬಲದಿಂದ ತುದಿಗಾಲಿಗೆ ಏರುವುದು. ಮೇಲೆ ಹೋದ ಮೇಲೆ ಭಾರವನ್ನೆಲ್ಲ ನೋಯುವ ಕಾಲಿಗೆ ಬದಲಿಸಿ, ಹಿಮ್ಮಡಿಯನ್ನು ಮೆಟ್ಟಿಲ ಮಟ್ಟಕ್ಕಿಂತ ಕೆಳಗೆ, ನಿಧಾನವಾಗಿ ಇಳಿಸುವುದು. ಏರುವುದು ಯಾವತ್ತೂ ಒಳ್ಳೆಯ ಕಾಲಿನ ಕೆಲಸ, ಇಳಿಯುವುದು ಕೆಟ್ಟ ಕಾಲಿನದು. ಹೀಗೆ ಹದಿನೈದು, ಮೂರು ಸುತ್ತು, ಮೊಣಕಾಲು ನೇರ ಇಟ್ಟು. ಮತ್ತೆ ಹದಿನೈದರ ಮೂರು ಸುತ್ತು, ಮೊಣಕಾಲು ತುಸು ಮಡಿಸಿ. ಆಗ ಒಳಗಿನ ಸ್ನಾಯುವಿಗೆ ಕೆಲಸ ಬೀಳುತ್ತದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ವಾರದ ಏಳೂ ದಿನ. ದಿನಕ್ಕೆ 180. ಹನ್ನೆರಡು ವಾರಕ್ಕೆ 15,120. ನಾನು ಎಕ್ಸೆಲ್ ಹಾಳೆ ಮಾಡಿದೆ ಎಂದು ಬೇರೆ ಹೇಳಬೇಕಿಲ್ಲ.

2025ರ ಮಾರ್ಚ್ 10, ಸೋಮವಾರ ಶುರು. ಹನ್ನೆರಡು ವಾರ ಜೂನ್ 1ಕ್ಕೆ ಮುಗಿಯುತ್ತದೆ. ಪಾಲಖಿ ಆಳಂದಿಯಿಂದ ಪುಣೆಗೆ ನಡೆಯುವುದು ಜೂನ್ 20ಕ್ಕೆ. ಹಾಳೆಯ ತಲೆಯ ಮೇಲೆ ಎರಡೂ ತಾರೀಖು ಬರೆದೆ. ಅವ್ವನಿಗೆ ಏನೂ ಹೇಳಲಿಲ್ಲ.

ನಮ್ಮ ಮಹಡಿಯ ಮೆಟ್ಟಿಲನ್ನು ಯಾರೂ ಬಳಸುವುದಿಲ್ಲ, ಎಲ್ಲರಿಗೂ ಲಿಫ್ಟು. ಅಲ್ಲಿ ರೇಲಿಂಗ್ ಹಿಡಿದು ಮೇಲೆ ಕೆಳಗೆ ಮಾಡುತ್ತಿದ್ದವನನ್ನು ಎದುರುಮನೆಯ ಕಾಕಾ ಮೂರು ದಿನ ನೋಡಿ, ನಾಲ್ಕನೇ ದಿನ ಲಿಫ್ಟ್ ಕೆಟ್ಟಿದೆಯೇ ಎಂದು ಕೇಳಿದರು. ಲೆಕ್ಕ ತಪ್ಪುವುದು ನಿಜವಾದ ತೊಂದರೆಯಾಗಿತ್ತು. ನೋವು ಬಂದಾಗ ಮನಸ್ಸು ಒಂಬತ್ತರಿಂದ ಹನ್ನೆರಡಕ್ಕೆ ಹಾರುತ್ತದೆ. ಎಂಟು ವರ್ಷದ ಮಗಳನ್ನು ಎಣಿಸಲು ನಿಲ್ಲಿಸಿದೆ. ಅವಳು 'ವನ್, ಟೂ' ಎಂದು ಶುರು ಮಾಡಿದಳು. ಕನ್ನಡದಲ್ಲಿ ಎಣಿಸು ಎಂದೆ. ಹತ್ತರವರೆಗೆ ಸಲೀಸಾಗಿ ಬಂದು ನಿಂತಳು. ಹತ್ತರ ಮುಂದೆ ಅವಳಿಗೆ ಬರುತ್ತಿರಲಿಲ್ಲ. ಮನೆಯಲ್ಲಿ ಕನ್ನಡವನ್ನೇ ಮಾತಾಡುತ್ತೇವೆ ಎಂದು ಬೀಗುತ್ತಿದ್ದವನು ನಾನು; ಆದರೆ ಮನೆಯ ಮಾತಿನಲ್ಲಿ ಹತ್ತಕ್ಕಿಂತ ಹೆಚ್ಚು ಎಣಿಸುವಂಥದ್ದು ಏನಿರುತ್ತದೆ? ಬೆಲೆ ಹಿಂದಿಯಲ್ಲಿ, ಮಾರ್ಕ್ಸು ಇಂಗ್ಲಿಷಿನಲ್ಲಿ, ಬಸ್ಸಿನ ನಂಬರು ಮರಾಠಿಯಲ್ಲಿ. ತಲೆಕೆಳಗಾಗಿ ಹಿಮ್ಮಡಿ ನಡುಗುತ್ತಿರುವಾಗ 'ಹನ್ನೊಂದು' ಎಂದು ಹೇಳಿಕೊಟ್ಟೆ. ಅವಳು ಹದಿಮೂರಕ್ಕೂ ಹದಿನಾಲ್ಕಕ್ಕೂ ಗೊಂದಲ ಮಾಡಿಕೊಂಡು ನನ್ನಿಂದ ಹದಿನೆಂಟು ಸಲ ಮಾಡಿಸಿದ ದಿನಗಳೂ ಇವೆ.

ಎರಡನೇ ವಾರ ನೋವು ಏರಿತು. ಬರೀ ಬೆಳಗಿನದಲ್ಲ, ಮೀಟಿಂಗಿನಲ್ಲಿ ಕುಳಿತಾಗಲೂ ಮಿಡಿಯುತ್ತಿತ್ತು. ಹತ್ತನೇ ದಿನ ಹುರಿಯನ್ನು ನಾನೇ ಹರಿದುಕೊಳ್ಳುತ್ತಿದ್ದೇನೆ ಎನ್ನಿಸಿ ನಿಲ್ಲಿಸಿದೆ. ಮೂರು ದಿನ ಹಾಳೆ ಖಾಲಿ. ಅಷ್ಟಕ್ಕೇ ಬಿಟ್ಟುಬಿಡುತ್ತಿದ್ದೆನೇನೋ. ಆದರೆ ಆ ಭಾನುವಾರ ಅವ್ವ ಅಟ್ಟದ ಮೇಲಿನ ಟ್ರಂಕಿನಿಂದ ಅಪ್ಪನ ಒಂದು ಜೊತೆ ಕೊಲ್ಹಾಪುರಿ ಚಪ್ಪಲಿ ತೆಗೆದು ಎಣ್ಣೆ ಹಚ್ಚುತ್ತ ಕುಳಿತಿದ್ದಳು. ಯಾಕೆ ಎಂದರೆ, 'ಸುಮ್ಮ, ಚರ್ಮ ಬಿರಿತದ' ಎಂದಳು. ಬಲಗಾಲಿನ ಚಪ್ಪಲಿಯ ಹಿಂಭಾಗ ಎಡಗಾಲಿನದರಷ್ಟು ಸವೆದಿರಲಿಲ್ಲ. ಅವನೂ ಹಿಮ್ಮಡಿ ಊರದೆ ನಡೆದಿದ್ದ, ಎಷ್ಟು ವರ್ಷವೋ. ನಾವು ಅದಕ್ಕೆ ಉಪ್ಪುನೀರು ಕೊಟ್ಟಿದ್ದೆವು.

ಸೋಮವಾರ ಮತ್ತೆ ಇಂದ್ರಾಯಣಿನಗರಕ್ಕೆ ಹೋದೆ. ಬೈಯಲಿಲ್ಲ. ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಲು ಕಲಿಸಿದರು. ವ್ಯಾಯಾಮದ ಹೊತ್ತಿನಲ್ಲಿ ಐದರವರೆಗೆ ಬಂದರೆ ಪರವಾಗಿಲ್ಲ. ಮುಗಿದ ಮೇಲೂ ಐದಕ್ಕೆ ಹೋಗಬಹುದು, ಆದರೆ ಮರುದಿನ ಬೆಳಿಗ್ಗೆಗೆ ಇಳಿದಿರಬೇಕು. ವಾರದಿಂದ ವಾರಕ್ಕೆ ಬೆಳಗಿನ ಬಿಗಿತ ಏರುತ್ತ ಹೋಗಬಾರದು. ಇದು ಕೂಡ ಸ್ವೀಡನ್ನಿನದೇ. ಹೀಗೆ ನೋವನ್ನು ಅಳೆಯುತ್ತ ಓಟವನ್ನೂ ಮುಂದುವರಿಸಿದವರು, ಓಟ ನಿಲ್ಲಿಸಿ ವ್ಯಾಯಾಮ ಮಾತ್ರ ಮಾಡಿದವರಿಗಿಂತ ಕೆಟ್ಟದಾಗಲಿಲ್ಲ ಎಂದು 2007ರಲ್ಲಿ ಅಲ್ಲಿಯ ಸಂಶೋಧಕರು ತೋರಿಸಿದರು. ನನ್ನದು ಏಳಕ್ಕೆ ಹೋಗಿತ್ತು, ಏಕೆಂದರೆ ನಾನು ಹದಿನೈದನ್ನು ಒಂದೇ ನಿಮಿಷದೊಳಗೆ ಮುಗಿಸಿ ಸ್ಟ್ಯಾಂಡಪ್ ಕಾಲಿಗೆ ಓಡುತ್ತಿದ್ದೆ. ಇಳಿಸುವುದಕ್ಕೆ ಮೂರು ಸೆಕೆಂಡು ಬೇಕು ಎಂದರು. ಅಲ್ಲಿಂದ ಮಗಳು ಒಂದೊಂದು ಸಂಖ್ಯೆಯನ್ನೂ ಎಳೆದು ಹೇಳತೊಡಗಿದಳು, 'ಹದಿ...ನೈ...ದು' ಎಂದು, ತಮಾಷೆಗೆ.

ಯುಗಾದಿಯ ದಿನ ಇಪ್ಪತ್ತೊಂದನೇ ದಿನ. ಅಂದು ಮೊದಲ ಸಲ ಗೋಡೆ ಮುಟ್ಟದೆ ಬಚ್ಚಲಿಗೆ ಹೋದೆ. ಐದನೇ ವಾರಕ್ಕೆ ಮೈತೂಕ ಸಾಲದೆ ಬಂತು. ನೋವಿಲ್ಲದೆ ಹದಿನೈದು ಆಗುತ್ತಿದ್ದರೆ ಭಾರ ಸೇರಿಸಬೇಕು ಎನ್ನುವುದೂ ಕ್ರಮದಲ್ಲೇ ಇದೆ. ಲ್ಯಾಪ್‌ಟಾಪಿನ ಬ್ಯಾಗಿಗೆ ಐದು ಕಿಲೊ ಜೋಳದ ಹಿಟ್ಟು. ಎಂಟನೇ ವಾರಕ್ಕೆ ಹತ್ತು ಕಿಲೊ. ರೊಟ್ಟಿ ಬಡಿಯುವ ಹೊತ್ತಿಗೆ ಹಿಟ್ಟು ಮೆಟ್ಟಿಲ ಮೇಲಿರುತ್ತಿತ್ತು ಎನ್ನುವುದು ಅವ್ವನ ದೂರು.

ಇಷ್ಟು ಬರೆದ ಮೇಲೆ, ಓದಿದವರು ಸೀದಾ ಮೆಟ್ಟಿಲಿಗೆ ಹೋಗದಿರಲಿ ಎಂದು ಎರಡು ಮಾತು. ನೋವು ಹುರಿಯ ನಡುವೆ ಅಲ್ಲದೆ ಮೂಳೆಗೆ ಅಂಟುವಲ್ಲೇ ಇದ್ದರೆ ಹಿಮ್ಮಡಿಯನ್ನು ಮೆಟ್ಟಿಲ ಕೆಳಗೆ ಇಳಿಸಬಾರದು, ಸಪಾಟು ನೆಲದಲ್ಲೇ ಮಾಡಬೇಕು. ಮೊದಲು ಯಾರಾದರೂ ತಿಳಿದವರು ಮುಟ್ಟಿ ನೋಡಬೇಕು. ಓಡುವಾಗ ಹಿಂದಿನಿಂದ ಯಾರೋ ಒದ್ದ ಹಾಗಾಗಿ, ಟಪ್ ಎಂದು ಸದ್ದು ಬಂದು, ತುದಿಗಾಲಲ್ಲಿ ನಿಲ್ಲಲಾಗದಿದ್ದರೆ ಅದು ಹರಿದದ್ದು, ಆ ದಿನವೇ ಆಸ್ಪತ್ರೆಗೆ. ದಿನಕ್ಕೆ 180 ಆಗುವುದೇ ಇಲ್ಲ ಎನ್ನುವವರಿಗೆ, ವಾರಕ್ಕೆ ಮೂರೇ ದಿನ ಭಾರವಾದ ತೂಕದಲ್ಲಿ ನಿಧಾನವಾಗಿ ಏರಿ ಇಳಿಯುವ ಕ್ರಮವೂ ಅಷ್ಟೇ ಗುಣ ಕೊಟ್ಟಿತು ಎಂದು 2015ರಲ್ಲಿ ಡೆನ್ಮಾರ್ಕಿನವರು ಹೇಳಿದ್ದಾರೆ. ಆ ಹದಿನೈದು ಓಟಗಾರರ ಹಾಗೆ ಎಲ್ಲರಿಗೂ ಪೂರ್ತಿ ಗುಣವಾಗುವುದಿಲ್ಲ. ನಮ್ಮ ಹಾಗೆ ಕುಳಿತೇ ಇರುವವರಲ್ಲಿ ಫಲ ಕಡಿಮೆ ಎಂದೂ ಅಧ್ಯಯನಗಳಿವೆ.

ಜೂನ್ 1ರಂದು ನನ್ನ ಹಾಳೆಯಲ್ಲಿ 14,310 ಇತ್ತು. ನೋವು ಸೊನ್ನೆಗೆ ಬಂದಿರಲಿಲ್ಲ, ಎರಡು. ಗಂಟು ಇನ್ನೂ ಕೈಗೆ ಸಿಗುತ್ತಿತ್ತು. ಆ ರಾತ್ರಿ ಅವ್ವನಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಏನೂ ಅನ್ನದೆ, 'ನಿನ್ನ ಕಾಲು?' ಎಂದಳು. 'ನಿನ್ನ ಮೊಣಕಾಲು?' ಎಂದೆ.

ಆಳಂದಿಯಿಂದ ಭವಾನಿಪೇಠದವರೆಗೆ ಹೆಚ್ಚುಕಡಿಮೆ 29 ಕಿಲೊಮೀಟರ್. ಅದು ಇಬ್ಬರಿಗೂ ಆಗದ ಮಾತು ಎಂದು ಚೌಕಾಶಿ ಮಾಡಿ, ಭೋಸರಿಯಿಂದ ದಿಘಿ ದಾಟಿ ಮ್ಯಾಗಝೀನ್ ಚೌಕದಲ್ಲಿ ಸೇರಿಕೊಳ್ಳುವುದು ಎಂದಾಯಿತು. ಶುಕ್ರವಾರ ರಜೆ ಹಾಕಿದೆ. ಆ ವಾರವೂ ರಿಲೀಸು ಇತ್ತು. ಜಿಟಿಜಿಟಿ ಮಳೆ, ಟಾರು ರಸ್ತೆಯ ಮೇಲೆ ಸಾವಿರಾರು ಬರಿಗಾಲು, ತಾಳದ ಸದ್ದು. ಪಾಲಖಿಗಿಂತ ಮುಂದೆ ಮಾವುಲಿಯ ಕುದುರೆಗಳು ಬಂದವು. ಆ ಕುದುರೆಗಳು ಬರುವುದು ನಮ್ಮ ಬೆಳಗಾವಿ ಜಿಲ್ಲೆಯ ಅಂಕಲಿಯಿಂದ, ಶಿತೋಳೆ ಸರ್ದಾರರ ಮನೆತನದಿಂದ. ಅಂಕಲಿಯಿಂದ ಆಳಂದಿಗೆ ನಡೆದೇ ಬರುತ್ತವೆ. ಅವ್ವನಿಗೆ ಹೇಳಿದೆ. 'ಹಂಗಾರ ಅವಕ್ಕ ಕನ್ನಡ ತಿಳೀತದನು?' ಎಂದು ಕೇಳಿ, ಉತ್ತರಕ್ಕೆ ಕಾಯದೆ ಗದ್ದಲದಲ್ಲೇ ಕುದುರೆಗೆ ಏನೋ ಹೇಳಿದಳು.

ಮೊದಲ ಗಂಟೆ ನಾನು ಹಿಮ್ಮಡಿಯನ್ನೇ ಆಲಿಸುತ್ತ ನಡೆದೆ. ಎರಡು, ಎರಡು, ಮೂರು. ವಿಶ್ರಾಂತವಾಡಿ ದಾಟುವಾಗ ನಾಲ್ಕು. ಆಮೇಲೆ ಅಂಕ ಕೊಡುವುದು ಮರೆತೆ, ಅವ್ವ ಮುಂದೆ ಹೋಗಿ ಕಾಣದಾಗಿದ್ದಳು. ಹುಡುಕಿದರೆ ಸೋಲಾಪುರ ಕಡೆಯ ಒಂದು ದಿಂಡಿಯ ಹೆಣ್ಣುಮಕ್ಕಳ ನಡುವೆ, ಯಾರದೋ ತುಳಸಿಕಟ್ಟೆಯನ್ನು ತಲೆಯ ಮೇಲೆ ಹೊತ್ತು, ಕನ್ನಡದಲ್ಲಿ ಹರಟುತ್ತ ಹೊರಟಿದ್ದಳು. ಫುಲೆನಗರದಲ್ಲಿ ಮಧ್ಯಾಹ್ನದ ತಂಗುವಿಕೆ. ಕುಳಿತವಳಿಗೆ ಏಳಲಾಗಲಿಲ್ಲ. ಅಲ್ಲಿಂದ ಸಂಗಮವಾಡಿಯ ಸೇತುವೆಯವರೆಗೆ ನನ್ನ ಭುಜ ಹಿಡಿದು ಬಂದಳು, ಸೇತುವೆಯ ಮೇಲೆ ಸಾಕು ಎಂದಳು. ಪಾಲಖಿ ಮುಂದೆ ಹೋಯಿತು. ಕಡ್ಡಿಯ ಹಾಗಿದ್ದ ಅವಳ ಭಾರ ನನ್ನ ಬಲಗಾಲಿನ ಮೇಲೆಯೇ ಇತ್ತು, ಜೋಳದ ಹಿಟ್ಟಿಗಿಂತ ಸ್ವಲ್ಪ ಹೆಚ್ಚು. ರಿಕ್ಷಾ ಸಿಗಲು ಒಂದೂವರೆ ಗಂಟೆ ಹಿಡಿಯಿತು.

ಮರುದಿನ ಬೆಳಿಗ್ಗೆ ಹಾಸಿಗೆಯಂಚಿನಲ್ಲಿ ಸ್ವಲ್ಪ ಹೊತ್ತು ಕುಳಿತೆ. ಮೊದಲ ಹೆಜ್ಜೆ ನಾಲ್ಕು, ಹನ್ನೊಂದನೆಯದು ಎರಡು. ಅದರ ಮರುದಿನ ಎರಡು. ಹಾಳೆಯಲ್ಲಿ ಬರೆದೆ. ಈಗಲೂ ವಾರಕ್ಕೆ ಮೂರು ದಿನ ಹತ್ತು ಕಿಲೊ ಹಿಟ್ಟಿನ ಜೊತೆ ಮೆಟ್ಟಿಲಿಗೆ ಹೋಗುತ್ತೇನೆ. ಓಟ ಎರಡು ಕಿಲೊಮೀಟರಿಗೆ ಬಂದಿದೆ. ಗಂಟು ಹಾಗೇ ಇದೆ. ಮಗಳು ನೂರರವರೆಗೆ ಎಣಿಸುತ್ತಾಳೆ, ಎಪ್ಪತ್ತೊಂಬತ್ತರಲ್ಲಿ ಮಾತ್ರ ತಡವರಿಸುತ್ತಾಳೆ.

ಅವ್ವನನ್ನೂ ಇಂದ್ರಾಯಣಿನಗರಕ್ಕೆ ಕರೆದುಕೊಂಡು ಹೋದೆ. ಕುರ್ಚಿಯಿಂದ ಕೈ ಊರದೆ ಎದ್ದು ನಿಲ್ಲುವುದು, ನಿಧಾನ ಕೂರುವುದು, ಹತ್ತರ ಮೂರು ಸುತ್ತು ಎಂದು ಬರೆದುಕೊಟ್ಟರು. ಮುನ್ನೂರು ರೂಪಾಯಿ. ಕೆಳಗಿಳಿಯುವಾಗ ಅವ್ವ ಮೆಟ್ಟಿಲ ಮೇಲೆಯೇ ನಿಂತು ಆ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು. 'ಏಳೂದು ಕೂಡೂದು ಹೇಳಾಕ ಮುನ್ನೂರು ತಗೊಂಡಳಲ್ಲೋ' ಎಂದಳು. ಆಮೇಲೆ ಚೀಟಿಯನ್ನು ಮಡಿಸಿ ಸೊಂಟದ ಚೀಲದಲ್ಲಿ ಇಟ್ಟುಕೊಂಡಳು.